ಅನ್ನಪೂರ್ಣ ‘ಅಲ್ಲ’ ಎಂದದ್ದು

ಶಂಕ್ರವ್ವ ಕಾಣೆಯಾದದ್ದು ಜೋಳ ಬೀಸಿಸಿಕೊಂಡು ಬರಲು ಹೋಗಿ. ಸಂಕ್ರಾಂತಿ ಮುಗಿದ ವಾರ, ಬಿಸಿಲು ಏರುವ ಹೊತ್ತಿಗೆ ಜೋಳದ ಡಬ್ಬಿ ಸೊಂಟಕ್ಕಿಟ್ಟುಕೊಂಡು ಬಿಟಿಎಂ ಲೇಔಟಿನ ಬಾಡಿಗೆ ಮನೆಯ ಮೆಟ್ಟಿಲಿಳಿದವಳು ಮಧ್ಯಾಹ್ನದ ಊಟಕ್ಕೆ ಬರಲಿಲ್ಲ, ಸಂಜೆ ದೀಪ ಹಚ್ಚುವ ಹೊತ್ತಿಗೂ ಬರಲಿಲ್ಲ. ಗಿರಣಿಗೆ ಅಂದು ವಾರದ ರಜೆ. ಇನ್ನೊಂದು ಗಿರಣಿ ಎಲ್ಲಿದೆ ಎಂದು ಯಾರನ್ನೋ ಕೇಳಿರಬೇಕು, ಅವರು ಎತ್ತಲೋ ಕೈ ತೋರಿಸಿರಬೇಕು. ಆ ಬಡಾವಣೆಗೆ ನಕ್ಷೆ ಬರೆದ ಪುಣ್ಯಾತ್ಮ ಯಾರೋ ಏನೋ, ಒಂದು ಅಡ್ಡರಸ್ತೆಗೂ ಇನ್ನೊಂದಕ್ಕೂ ಗುರುತೇ ಇಟ್ಟಿಲ್ಲ. ಬೋರ್ಡು ಓದಿಕೊಂಡು ನಡೆಯುವವರೇ ಅಲ್ಲಿ ದಾರಿ ತಪ್ಪುತ್ತಾರೆ. ಶಂಕ್ರವ್ವನಿಗೆ ಓದು ಬರುತ್ತಿರಲಿಲ್ಲ.

ಅವಳೂ ಗಂಡ ನೀಲಕಂಠಪ್ಪನೂ ಗದಗಿನಿಂದ ಮಗಳ ಮನೆಗೆ ಬಂದು ಆರು ತಿಂಗಳೂ ಆಗಿರಲಿಲ್ಲ. ನೀಲಕಂಠಪ್ಪನ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆರಡು ಸಲ ಜಯನಗರದ ಆಸ್ಪತ್ರೆಯಲ್ಲಿ ರಕ್ತ ಶುದ್ಧಿ ಮಾಡಿಸಬೇಕಾಗಿತ್ತು. ಮಗಳು ಅನ್ನಪೂರ್ಣ ಒಬ್ಬಳೇ ದುಡಿಯುವವಳು, ಮದುವೆಯಾಗಿರಲಿಲ್ಲ. ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು, ಬಹಳ ದಿನ ಎಳೆಯುವುದಿಲ್ಲಮ್ಮ, ಎಂದು ಹೇಳಿಬಿಟ್ಟಿದ್ದರು. ಹೆಂಡತಿ ಕಾಣೆಯಾದಂದಿನಿಂದ ನೀಲಕಂಠಪ್ಪ ಕಿಟಕಿಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಬಾಗಿಲು ಸಪ್ಪಳವಾದರೆ ಸಾಕು, “ಬಂದ್ಲೇನವಾ?” ಎನ್ನುತ್ತಿದ್ದ. ಅನ್ನಪೂರ್ಣ ಚಪ್ಪಲಿ ಬಿಡುತ್ತಾ, “ನಾ ಅಪ್ಪಾ, ನಾನ,” ಎನ್ನುತ್ತಿದ್ದಳು. ಮನೆಗೆ ಬರುವುದೇ ಅವಳಿಗೆ ಶಿಕ್ಷೆಯಾಗಿತ್ತು.

ಅಪ್ಪನ ಜೀವ ಇರುವಷ್ಟರಲ್ಲಿ ಅವ್ವನನ್ನು ತಂದು ಅವನೆದುರು ನಿಲ್ಲಿಸಬೇಕು. ದೇವರ ಹತ್ತಿರ ಅವಳು ಕೇಳುತ್ತಿದ್ದದ್ದು ಇಷ್ಟೇ.

ಪೊಲೀಸು ಕಂಪ್ಲೇಂಟು ಆಯಿತು. ಸಿದ್ದಾಪುರದಿಂದ ಬನಶಂಕರಿಯವರೆಗೆ ಕಂಬ ಕಂಬಕ್ಕೂ ಚೀಟಿ ಅಂಟಿಸಿದ್ದಾಯಿತು. ಆಸ್ಪತ್ರೆ, ಅನಾಥಾಶ್ರಮ, ಶವಾಗಾರ ಎಲ್ಲ ಆಯಿತು. ಶವಾಗಾರದಿಂದ ಹೊರಗೆ ಬಂದವಳು ಫುಟ್‌ಪಾತಿನ ಮೇಲೆ ಕೂತು, ಅಲ್ಲಿ ಇಲ್ಲವಲ್ಲ ಎಂದು ಸಂತೋಷಪಡಬೇಕೋ ಎಲ್ಲಿಯೂ ಇಲ್ಲವಲ್ಲ ಎಂದು ಅಳಬೇಕೋ ತಿಳಿಯದೆ ಸುಮ್ಮನೆ ಬಸ್ಸುಗಳನ್ನು ನೋಡಿದಳು. ಆಗಲೇ ಅವಳಿಗೆ ತನ್ನ ಆಫೀಸಿನ ಓದುಗನ ನೆನಪಾದದ್ದು.

ಓದುಗ ಎಂದರೆ ಮನುಷ್ಯನಲ್ಲ. ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ಒಂದು ಕಾಂಡಿಮೆಂಟ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಕಂಪ್ಯೂಟರಿಗೆ ಅವಳ ಆಫೀಸಿನ ಮಾಲೀಕ ರವಿಕುಮಾರ ಇಟ್ಟ ಹೆಸರು. ಗಿರಿನಗರದ ಈ ರವಿಕುಮಾರನಿಗೆ ಒಂದೇ ಹುಚ್ಚು, ಕಂಪ್ಯೂಟರು ಇಂಟರ್ನೆಟ್ಟನ್ನು ಹಗಲೂ ರಾತ್ರಿ ತಾನಾಗಿಯೇ ಓದುತ್ತ ಓದುತ್ತ ಲೋಕಜ್ಞಾನ ಕಲಿಯಬೇಕು, ಕಲಿಯುವುದನ್ನು ನಿಲ್ಲಿಸಲೇಬಾರದು. ಓದಿದ್ದರಲ್ಲಿ ತನಗೆ ತಿಳಿದದ್ದನ್ನು ಅದು ಒಂದೊಂದು ಸಾಲು ಮಾಡಿ ಬೆಳಿಗ್ಗೆ ಪರದೆಯ ಮೇಲೆ ಇಡುತ್ತಿತ್ತು. ದಾವಣಗೆರೆ ಒಂದು ಊರು. ತುಂಗಭದ್ರೆ ಒಂದು ನದಿ. ಬೆಣ್ಣೆದೋಸೆ ಒಂದು ಊರು. ಅನ್ನಪೂರ್ಣ ಒಂದೊಂದನ್ನೂ ನೋಡಿ ‘ಹೌದು’ ಅಥವಾ ‘ಅಲ್ಲ’ ಎಂದು ಒತ್ತಬೇಕು. ಹೌದು ಎಂದದ್ದು ಯಾವ ಪುಟದಿಂದ ಬಂದಿತ್ತೋ ಅಂಥ ಪುಟಗಳನ್ನು ಅದು ಹುಡುಕಿಕೊಂಡು ಹೋಗಿ ಓದುತ್ತಿತ್ತು. ಅಲ್ಲ ಎಂದದ್ದರ ಕಡೆಗೆ ಬರಬರುತ್ತ ತಲೆ ಹಾಕುವುದನ್ನೇ ಬಿಡುತ್ತಿತ್ತು. ಕೂಸಿಗೆ ಮಾತು ಕಲಿಸಿದ ಹಾಗೆ ಅವಳು ಅದಕ್ಕೆ ಎರಡು ವರ್ಷ ಕನ್ನಡ ಕಲಿಸಿದ್ದಳು.

“ಅದು ಮನುಷ್ಯರನ್ನ ಹುಡ್ಕೋಕೆ ಮಾಡಿದ್ದಲ್ಲ ಅನ್ನಪೂರ್ಣ. ಊರು, ನದಿ, ತಿಂಡಿ, ಇಷ್ಟೇ ಅದಕ್ಕೆ ಗೊತ್ತಿರೋದು,” ಎಂದ ರವಿಕುಮಾರ.

“ಕಲಿಸಿದ್ರ ಕಲೀತದ ಅಂತ ನೀವ ಅಂತೀರಲ್ರೀ ಸರ್.”

“ಕಲಿಯುತ್ತೆ. ಆದ್ರೆ ನಾವೇನ್ ಕಲಿಸ್ತೀವೋ ಅದನ್ನೇ ಕಲಿಯುತ್ತೆ.” ಅವಳ ಮುಖ ನೋಡಿ ಅವನು ಅವಳ ಮೇಜಿನ ಮೇಲಿದ್ದ ಕಾಗದಗಳನ್ನು ಎತ್ತಿಕೊಂಡ. “ಸರಿ, ಮಾಡಿ. ಬೇರೆ ಕೆಲಸ ನಾನು ನೋಡ್ಕೋತೀನಿ.”

ಹೀಗೆ ಓದುಗನಿಗೆ ಹೊಸ ಪಾಠ ಶುರುವಾಯಿತು. ದಾರಿ ತಪ್ಪಿ ಸಿಕ್ಕವರು ಎಂದರೆ ಯಾರು, ಅವರ ಸುದ್ದಿ ಎಂಥ ಪುಟಗಳಲ್ಲಿ ಇರುತ್ತದೆ, ಆಶ್ರಮ ಎಂದರೇನು, ಗುರುತು ಪತ್ತೆಯಾಗಿಲ್ಲ ಎಂದರೇನು. ಅದು ಪತ್ರಿಕೆ ಓದಿತು, ಬ್ಲಾಗು ಓದಿತು, ಮಠಗಳ ಪುಟ ಓದಿತು. ಒಂದು ವಾರದಲ್ಲಿ ಮೊದಲ ಸಾಲು ತಂದಿಟ್ಟಿತು. ಶಂಕ್ರಮ್ಮ, ಅರವತ್ತೈದು ವರ್ಷ, ತುಮಕೂರಿನಲ್ಲಿ ಸಿಕ್ಕಿದ್ದಾರೆ. ಅನ್ನಪೂರ್ಣ ಅಪ್ಪನನ್ನು ಕೆಳಗಿನ ಮನೆಯ ಮುನಿವೆಂಕಟಮ್ಮನಿಗೆ ಒಪ್ಪಿಸಿ ತುಮಕೂರಿಗೆ ಓಡಿದಳು. ಅಲ್ಲಿದ್ದ ಮುದುಕಿ ಅವಳ ಕೈ ಹಿಡಿದುಕೊಂಡು, “ಬಂದಾ ಮಗಾ,” ಎಂದು ಅತ್ತುಬಿಟ್ಟಿತು, ಯಾರ ಅವ್ವನೋ. ಆಮೇಲೆ ಕೋಲಾರ. ಆಮೇಲೆ ಕನಕಪುರ. ಹೋದಾಗಲೆಲ್ಲ ಅಪ್ಪ ಎದ್ದು ಕೂತು ಕಾಯುತ್ತಿದ್ದ, ಬಂದಾಗಲೆಲ್ಲ ಮತ್ತಷ್ಟು ಇಳಿದಿರುತ್ತಿದ್ದ. ಕನಕಪುರದಿಂದ ಬಂದ ದಿನ ಅವನು ಅವಳ ಹಿಂದೆ ಬಾಗಿಲಲ್ಲಿ ಇನ್ನೂ ಯಾರೋ ಇದ್ದಾರೇನೋ ಎಂದು ಕತ್ತು ಚಾಚಿ ನೋಡಿದ. ಯಾರೂ ಇರಲಿಲ್ಲ. ಅವತ್ತು ಅವನು ಊಟದ ತಟ್ಟೆಯನ್ನು ಮುಟ್ಟಲೇ ಇಲ್ಲ.

ಆಮೇಲೊಂದು ದಿನ ಓದುಗ ಬಹಳ ಖಾತ್ರಿಯಿಂದ ಒಂದು ಸಾಲು ಕೊಟ್ಟಿತು. ಶಂಕ್ರವ್ವ, ಗಂಡ ನೀಲಕಂಠಪ್ಪ, ಊರು ಗದಗ. ಕೆಳಗೆ ಫೋನ್ ನಂಬರು. ಅನ್ನಪೂರ್ಣ ಅವಸರದಲ್ಲಿ ನಂಬರನ್ನು ಪರದೆಯಿಂದ ಒಂದೊಂದೇ ಅಂಕಿ ನೋಡಿ ಆಫೀಸಿನ ಫೋನಿನಲ್ಲಿ ಒತ್ತಿದಳು. ಅವಳದೇ ಬ್ಯಾಗಿನಲ್ಲಿದ್ದ ಮೊಬೈಲು ಬಡಿದುಕೊಂಡಿತು. ಅವಳೇ ಹಾಕಿಸಿದ ಕಾಣೆಯಾಗಿದ್ದಾರೆ ಚೀಟಿಯನ್ನು ಯಾರೋ ಪುಣ್ಯವಂತರು ತಮ್ಮ ಬ್ಲಾಗಿನಲ್ಲಿ ಹಾಕಿಕೊಂಡಿದ್ದರು, ಅವರದನ್ನು ಇನ್ನೊಬ್ಬರು. ಓದುಗ ಅದನ್ನು ಮೂರು ನಾಲ್ಕು ಕಡೆ ಓದಿ, ಇಷ್ಟು ಜನ ಹೇಳುತ್ತಿದ್ದಾರೆಂದರೆ ನಿಜವೇ ಇರಬೇಕು ಎಂದು ನಂಬಿತ್ತು. ರವಿಕುಮಾರ ಎದ್ದು ಬಂದು ಫೋನು ಇಟ್ಟ. ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತಳು, ಬಾಯಿ ಮುಚ್ಚಿಕೊಳ್ಳದೆ ಅತ್ತಳು.

ಇನ್ನು ಹೀಗೆ ಕಂಡಕಂಡಲ್ಲಿ ಓಡಿದರೆ ಅಪ್ಪ ಉಳಿಯುವುದಿಲ್ಲ ಎಂದು ಅವಳಿಗೆ ಹೊಳೆದದ್ದು ಅಂದೇ. ನಾಡಿನಲ್ಲಿ ಶಂಕ್ರವ್ವಂದಿರು, ಶಂಕರಮ್ಮಂದಿರು ಎಷ್ಟು ಜನವೋ. ಗಂಡ ನೀಲಕಂಠಪ್ಪ ಎಂದಿದ್ದರೆ ಮಾತ್ರ ಅದು ಅವ್ವ. ಅವಳು ಹಾಗೆಂದು ನಿಶ್ಚಯಿಸಿ ಕೂತಳು. ಗಂಡನ ಹೆಸರಿಲ್ಲದ ಸಾಲು ಬಂದರೆ ಹೆಚ್ಚು ನೋಡಲು ಹೋಗದೆ ‘ಅಲ್ಲ’ ಒತ್ತುತ್ತಿದ್ದಳು. ಓದುಗ ಬುದ್ಧಿವಂತ, ಬೇಗ ಕಲಿಯಿತು.

ಆ ದಿನಗಳಲ್ಲಿ ಒಂದು ಸಾಲು ಬಂದಿತ್ತು. ಶಂಕರಮ್ಮ, ಅರವತ್ತರ ಮೇಲೆ, ಗಂಡ ಇಲ್ಲ, ಮಾನಸಿಕ ಅಸ್ವಸ್ಥೆ. ಅವ್ವನಿಗೆ ಗಂಡನೂ ಇದ್ದ, ತಲೆಯೂ ಗಟ್ಟಿಯಿತ್ತು. ಅನ್ನಪೂರ್ಣ ‘ಅಲ್ಲ’ ಒತ್ತಿದಳು. ಮರುವಾರ ಅದೇ ಸಾಲು ಮತ್ತೆ ಬಂತು, ಅವಳು ಮತ್ತೆ ಒತ್ತಿದಳು. ಇನ್ನೊಂದು ಸಲ ಬಂದಾಗ, “ಇದಕ್ಕ ಎಷ್ಟು ಸಲ ಹೇಳಬೇಕು,” ಎಂದು ಸಿಡುಕಿಕೊಂಡು ಒತ್ತಿದಳು. ಆಮೇಲೆ ಅದು ಬರಲಿಲ್ಲ.

ಬೇಸಗೆ ಏರಿತು. ನೀಲಕಂಠಪ್ಪ ಬಾಗಿಲ ಸಪ್ಪಳಕ್ಕೆ ಕೇಳುವುದನ್ನು ಬಿಟ್ಟ. ಅವನು ಕೇಳುತ್ತಿದ್ದಾಗ ಸಂಕಟವಾಗುತ್ತಿತ್ತು, ಕೇಳದಿದ್ದಾಗ ಅದಕ್ಕಿಂತ ಹೆಚ್ಚು ಸಂಕಟವಾಯಿತು. ಜೂನಿನಲ್ಲಿ, ಕಾರಹುಣ್ಣಿಮೆಗೆ ನಾಲ್ಕೈದು ದಿನ ಇರುವಾಗ ಒಂದು ಬೆಳಿಗ್ಗೆ ಮಗಳನ್ನು ಹತ್ತಿರ ಕರೆದು, “ಅಕಿ ಬಂದ್ರ ಸಿಟ್ಟಿಗೇಳಬ್ಯಾಡ, ಪಾಪ, ಬೇಕಂತ ಹೋದಾಕಿ ಅಲ್ಲ,” ಎಂದ. ಅದೇ ಕೊನೆಯ ಮಾತು. ಅಂದು ಮಧ್ಯಾಹ್ನ ಆಸ್ಪತ್ರೆಗೆ ಒಯ್ಯಲು ಆಟೋ ಬಂದಾಗ ಅವನಿಗೆ ಅದರ ಅಗತ್ಯವಿರಲಿಲ್ಲ.

ಗದಗಿಗೆ ಒಯ್ದು ಮಣ್ಣು ಮಾಡಿ, ಮಾಡಬೇಕಾದ ಕಾರ್ಯವನ್ನೆಲ್ಲ ಮುಗಿಸಿ ಅನ್ನಪೂರ್ಣ ಬಿಟಿಎಂಗೆ ಮರಳಿದಳು. ಮನೆಯ ಮಾಲಕಿ ಮುನಿವೆಂಕಟಮ್ಮ ಮೇಲೆ ಬಂದು ಎದುರಿಗೆ ಕೂತಳು. ಲೇಔಟು ಆಗುವುದಕ್ಕೆ ಮುಂಚೆ ಅಲ್ಲಿ ರಾಗಿ ಹೊಲವಿದ್ದಾಗಿನಿಂದ ಇದ್ದ ಹೆಂಗಸು. ಸಾವಿನ ಮನೆಯಲ್ಲಿ ಏನು ಮಾತಾಡಬೇಕೋ ಅದನ್ನೇ ಮಾತಾಡುತ್ತ, “ನಿಮ್ಮಪ್ಪ ನಿಮ್ಮಮ್ಮ ಎಷ್ಟ್ ಚೆನ್ನಾಗಿದ್ರಮ್ಮ, ಒಂದಿನ ಜೋರು ಮಾತಿಲ್ಲ. ನಿಮ್ಮಮ್ಮ ಅವರನ್ನ ಏನಂತ ಕರೀತಿದ್ರು? ನಾನಂತೂ ಕೂಗಿದ್ದು ಕೇಳೇ ಇಲ್ಲ,” ಎಂದಳು.

“ಕರೀತಿದ್ದಿಲ್ಲರೀ. ಅವ್ವ ಅಪ್ಪನ ಹೆಸರು ಹೇಳಾಕಿ ಅಲ್ಲ. ಹೇಳಿದ್ರ ಗಂಡನ ಆಯುಷ್ಯ ಕಡಿಮಿ ಆಗ್ತದಂತ,” ಎಂದಳು ಅನ್ನಪೂರ್ಣ, ಮತ್ತು ಹೇಳಿದ ಮೇಲೆ ತಾನೇನು ಹೇಳಿದೆನೆಂದು ಅವಳಿಗೆ ಕೇಳಿಸಿತು.

ಅಯ್ಯೋ, ಇದನ್ನು ಮರೆಯುವುದುಂಟೇ ಎಂದು ನೀವು ಕೇಳಬಹುದು. ಅವಳು ಮರೆತಿರಲಿಲ್ಲ. ರೇಷನ್ ಕಾರ್ಡಿನ ಕಚೇರಿಯಲ್ಲಿ, ಆಸ್ಪತ್ರೆಯ ಚೀಟಿ ಮಾಡಿಸುವಲ್ಲಿ, ಬ್ಯಾಂಕಿನಲ್ಲಿ, ಗಂಡನ ಹೆಸರೇನಮ್ಮ ಎಂದು ಯಾರು ಕೇಳಿದರೂ ಶಂಕ್ರವ್ವ ಸೆರಗು ಬಾಯಿಗೆ ಹಿಡಿದು ಮಗಳ ಕಡೆ ನೋಡುವುದು, ಮಗಳು ಪಟ್ಟನೆ ಹೇಳುವುದು, ಇದು ಸಣ್ಣಂದಿನಿಂದ ನಡೆದುಬಂದ ರೂಢಿ. ಅವ್ವನ ಬಾಯಾಗಿ ತಾನೇ ಹೇಳಿ ಹೇಳಿ, ತಾನಿಲ್ಲದ ಕಡೆ ಅವ್ವ ಒಬ್ಬಳೇ ಆ ಪ್ರಶ್ನೆಯ ಎದುರು ನಿಂತಿರಬಹುದು ಎಂಬುದೇ ಅವಳ ತಲೆಗೆ ಬಂದಿರಲಿಲ್ಲ.

ಮುನಿವೆಂಕಟಮ್ಮ ಏನೋ ಕೇಳುತ್ತಿದ್ದಂತೆಯೇ ಅನ್ನಪೂರ್ಣ ಎದ್ದು ಆಫೀಸಿಗೆ ಹೋದಳು. ತಾನು ‘ಅಲ್ಲ’ ಎಂದು ಒತ್ತಿದ್ದನ್ನೆಲ್ಲ ರವಿಕುಮಾರನಿಂದ ಪರದೆಯ ಮೇಲೆ ತರಿಸಿದಳು. ಗಂಡ ಇಲ್ಲ ಎಂದಿದ್ದ ಆ ಸಾಲು ಸಿಕ್ಕಿತು. ಇಷ್ಟು ದಿನ ಅವಳು ನೋಡುತ್ತಿದ್ದದ್ದು ಓದುಗ ಕತ್ತರಿಸಿ ತಂದ ತುಂಡನ್ನು ಮಾತ್ರ, ಪುಟವನ್ನು ತೆರೆದಿರಲಿಲ್ಲ. ಈಗ ತೆರೆದಳು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರ ಹಿಂದೆ ಬೋರ್ಡು ಕೂಡ ಇಲ್ಲದೆ ನಡೆಯುತ್ತಿದ್ದ ಒಂದು ಆಸರೆ ಮನೆಯ ಬ್ಲಾಗು. ಬಿಟಿಎಂನಿಂದ ಹೊಸೂರು ರಸ್ತೆ ದಾಟಿ ನಡೆದುಕೊಂಡು ಹೋಗುವಷ್ಟು ಹತ್ತಿರ. ಅಲ್ಲಿ ಹೀಗೆ ಬರೆದಿತ್ತು. ಶಂಕರಮ್ಮ ಎನ್ನುತ್ತಾರೆ. ಬೈಕು ಬಡಿದು ಕಾಲು ಮುರಿದಿತ್ತು. ಉತ್ತರ ಕರ್ನಾಟಕದ ಮಾತು, ಮಗಳ ಮನೆಯ ವಿಳಾಸ ಹೇಳಲು ಬರುವುದಿಲ್ಲ. ಗಂಡನ ಹೆಸರು ಹೇಳುವುದಿಲ್ಲ. ಮಗಳು ಮಶೀನಿಗೆ ಓದಲು ಕಲಿಸುತ್ತಾಳೆ, ಅದು ಎಲ್ಲವನ್ನೂ ಓದುತ್ತದೆ, ನನ್ನದನ್ನೂ ಓದಿ ಮಗಳಿಗೆ ಹೇಳುತ್ತದೆ ಎನ್ನುತ್ತಿರುತ್ತಾರೆ. ಮಾನಸಿಕ ಅಸ್ವಸ್ಥತೆ. ಗಂಡನ ಹೆಸರು ಹೇಳುವುದಿಲ್ಲ ಎಂದಿದ್ದನ್ನೇ ಓದುಗ ಗಂಡ ಇಲ್ಲ ಎಂದು ಮಾಡಿಕೊಂಡಿತ್ತು.

ಆ ಬರಹದ ಕೆಳಗೆ ಮೇ ತಿಂಗಳಲ್ಲಿ ಸೇರಿಸಿದ ಇನ್ನೊಂದು ಸಾಲು. ಗಂಡನ ಹೆಸರು ನೀಲಕಂಠಪ್ಪ ಎಂದು ಇವತ್ತು ಹೇಳಿದರು. ಸಂಬಂಧಪಟ್ಟವರು ಬರಬೇಕು.

“ಮೇದಾಗ ಅಪ್ಪ ಇದ್ದ,” ಎಂದಳು ಅನ್ನಪೂರ್ಣ. ಅವಳ ದನಿ ಅವಳದೇ ಆಗಿರಲಿಲ್ಲ. “ಹೆಸರು ಇಲ್ಲೇ ಅದ ನೋಡ್ರಿ ಸರ್. ಯಾಕ ತರಲಿಲ್ಲ ಇದು?”

ರವಿಕುಮಾರ ಪರದೆಯನ್ನು ನೋಡಿದ, ಒಂದೆರಡು ಗುಂಡಿ ಒತ್ತಿ ನೋಡಿದ, ಆಮೇಲೆ ಕುರ್ಚಿಯ ಬೆನ್ನಿಗೆ ಒರಗಿ ಕನ್ನಡಕ ತೆಗೆದ. “ಈ ಪುಟ ಓದೋದು ಬೇಡ ಅಂತ ಏಪ್ರಿಲ್‌ನಲ್ಲೇ ಕಲ್ತುಬಿಟ್ಟಿದೆ ಅನ್ನಪೂರ್ಣ. ಆಮೇಲೆ ಆ ಕಡೆ ಹೋಗೇ ಇಲ್ಲ.” ಪರದೆಯ ಮೇಲೆ ಒಂದರ ಕೆಳಗೊಂದು ಮೂರು ‘ಅಲ್ಲ’ ಇದ್ದವು.

ಅವನ ಸ್ಕೂಟರಿನಲ್ಲೇ ಇಬ್ಬರೂ ಹೋದರು. ಆಸರೆ ಮನೆ ನಡೆಸುತ್ತಿದ್ದ ನಾಗಲಕ್ಷ್ಮಮ್ಮ ಬಾಗಿಲಲ್ಲೇ ಎಲ್ಲ ಕೇಳಿಸಿಕೊಂಡಳು. ಮಶೀನಿನ ಮಾತು ಬಂದಾಗ ಅವಳ ಕೈ ಬಾಯಿಗೆ ಹೋಯಿತು.

“ನಿಜಾನೇನಮ್ಮ ಅದು? ನಾವು ತಲೆ ಕೆಟ್ಟಿದೆ ಅಂತ ಮಾತ್ರೆ ಕೊಡಿಸ್ತಿದ್ವಲ್ಲಮ್ಮ. ಯಾವ ಮಶೀನು ಓದುತ್ತೆ ಅಂತ ನಾವೆಲ್ಲ ನಕ್ಕುಬಿಟ್ವಿ.” ಅವಳು ಬಾಗಿಲನ್ನು ಪೂರ್ತಿ ತೆರೆದಳು. “ಗಂಡನ ಹೆಸರು ಕೇಳಿ ಕೇಳಿ ನಮಗೆ ಸಾಕಾಗಿತ್ತು. ಮೇನಲ್ಲಿ ಇಲ್ಲಿ ಒಬ್ರು ಅಜ್ಜಿ ತೀರ್ಕೊಂಡ್ರು, ಅವರ ಕಡೆಯೋರು ಯಾರೂ ಬರ್ಲಿಲ್ಲ. ಅನಾಥ ಹೆಣ ಅಂತ ವ್ಯಾನಲ್ಲಿ ತಗೊಂಡ್ ಹೋದ್ರು. ಅದನ್ನ ನೋಡ್ಕೊಂಡು ನಿಂತಿದ್ರು ನಿಮ್ಮಮ್ಮ. ಆಮೇಲೆ ನನ್ನತ್ರ ಬಂದು, ಬರ್ಕೊಳ್ರಿ ಅಂದ್ರು. ಗೋಡೆ ಕಡೆ ಮುಖ ಮಾಡ್ಕೊಂಡು ಒಂದೇ ಸಲ ಅಂದ್ರು. ಆಮೇಲೆ ಊಟ ಬಿಟ್ಬಿಟ್ರು, ಸಮಾಧಾನ ಮಾಡೋಷ್ಟರಲ್ಲಿ ನಮಗೆ ಸಾಕುಬೇಕಾಯ್ತು.”

ಶಂಕ್ರವ್ವ ಒಳಗಿನ ಹಾಲಿನಲ್ಲಿ ಮೊರ ಮುಂದಿಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ಕಾಲು ಸೊಟ್ಟಗೆ ಕೂಡಿಕೊಂಡಿತ್ತು. ಮೈ ಅರ್ಧ ಆಗಿತ್ತು. ಮಾತ್ರೆಯ ಮಂಪರಿಗೋ ಏನೋ, ತಲೆ ಎತ್ತಿ ನೋಡಿದವಳಿಗೆ ಮಗಳ ಗುರುತು ಹತ್ತಲು ಒಂದು ಗಳಿಗೆ ಹಿಡಿಯಿತು. ಹತ್ತಿದ ಮೇಲೂ ಅವಳು ಏಳಲಿಲ್ಲ, ಕೈ ಚಾಚಲಿಲ್ಲ. ಮಗಳ ಹಿಂದೆ ಬಾಗಿಲನ್ನು ನೋಡಿದಳು. ಅಲ್ಲಿ ರವಿಕುಮಾರ ನಿಂತಿದ್ದ.

“ಅವ್ರು ಅದಾರೇನು?” ಎಂದಳು ಶಂಕ್ರವ್ವ.

ಅನ್ನಪೂರ್ಣ ಅವಳ ಎದುರು ಕೂತು ಎರಡೂ ಕೈ ಹಿಡಿದುಕೊಂಡಳು. ಇಲ್ಲವೆಂದು ತಲೆಯಾಡಿಸಿದಳು.

“ಯಾವಾಗ ಹೋದ್ರು?”

“ಕಾರಹುಣ್ಣಿವಿ ಮುಂದ.”

ಶಂಕ್ರವ್ವ ಕಣ್ಣು ಮುಚ್ಚಿದಳು. “ನಾ ಹೆಸರು ಹೇಳಿದ್ದು ಅದಕ್ಕಿಂತ ಮೊದಲ. ಒಂದ ಸಲ ಹೇಳಿದ್ನವಾ. ಒಂದ ಸಲಕ್ಕ ಹೋಗಿಬಿಟ್ರು ನೋಡು.”

“ಇಲ್ಲವ್ವಾ, ನಿನ್ನಿಂದ ಅಲ್ಲ.” ಅನ್ನಪೂರ್ಣ ಅವಳ ಕೈಗಳನ್ನು ಅಲುಗಾಡಿಸಿದಳು. “ನನ್ನಿಂದ. ನೀ ಇಲ್ಲಿ ಇದ್ದದ್ದು ಮಶೀನು ನನಗ ತಂದು ತೋರಿಸಿತ್ತು. ನಾನ ಅಲ್ಲ ಅಂತ ಒತ್ತಿದೆ. ಅದು ಮತ್ತ ತಂದ್ರ ಮತ್ತ ಒತ್ತಿದೆ. ಅದಕ್ಕ ನೀ ಹೆಸರು ಹೇಳಿದಾಗ ಅದು ಓದಲೇ ಇಲ್ಲ. ಅಪ್ಪ ಕಾಯ್ದು ಕಾಯ್ದು ಹೋದ. ನಾನು ಹೌದು ಅಂದಿದ್ರ ನೀ ಬರ್ತಿದ್ದಿ, ಅಂವ ನಿನ್ನ ನೋಡಿಕ್ಯಾಸ ಹೋಗ್ತಿದ್ದ. ತಪ್ಪು ನಂದವ್ವಾ.”

ಶಂಕ್ರವ್ವ ಕಣ್ಣು ತೆರೆದು ಮಗಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಇದ್ದದ್ದು ಕನಿಕರ. ಸೆರಗಿನಿಂದ ಮಗಳ ಮುಖ ಒರೆಸಿದಳು.

“ಹುಚ್ಚಿ,” ಎಂದಳು. “ಗುಂಡಿ ಒತ್ತಿದ್ರ ಯಾರರ ಸಾಯ್ತಾರೇನು?” ಆಮೇಲೆ ಅಕ್ಕಪಕ್ಕದ ಮುದುಕಿಯರಿಗೆ ಕೇಳಿಸದ ಹಾಗೆ ಬಾಗಿ, “ಊರಾಗ ಯಾರ ಮುಂದೂ ಹೇಳಬ್ಯಾಡ, ನಾ ಅವರ ಹೆಸರು ಹೇಳೀನಂತ,” ಎಂದು ಬೇಡಿಕೊಂಡಳು.

ಅನ್ನಪೂರ್ಣ ಮತ್ತೆ ಮೊದಲಿನಿಂದ ಹೇಳಲು ಹೋದಳು. ಶಂಕ್ರವ್ವ ಕೇಳಿಸಿಕೊಳ್ಳಲಿಲ್ಲ.